ಸೆಲ್ಲಾರ್ ಗುಂಡಿ, ಕೃಷಿ ಹೊಂಡ, ಕೆರೆ: ಮಕ್ಕಳು ನೀರುಪಾಲಾಗುವುದನ್ನು ತಡೆಯುವುದು ಹೇಗೆ?

ಹೈದರಾಬಾದ್: ಬೇಸಿಗೆ ರಜೆಯಲ್ಲಿ ಈಜಲು ಹೋದ ಬಾಲಕರು, ಮಳೆಗಾಲದಲ್ಲಿ ಆಡುತ್ತಾ ಗುಂಡಿಗೆ ಬಿದ್ದ ಪುಟಾಣಿಗಳು. ತೆಲಂಗಾಣದಲ್ಲಾಗಲಿ, ಕಲ್ಯಾಣ ಕರ್ನಾಟಕದಲ್ಲಾಗಲಿ ಇಂಥ ಸುದ್ದಿ ಇಲ್ಲದ ವರ್ಷವಿಲ್ಲ. ಎರಡೂ ಕಡೆ ಸಾಯುತ್ತಿರುವವರು ಬಹುಪಾಲು ಕೂಲಿ ಕಾರ್ಮಿಕರ ಮಕ್ಕಳೇ.

ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಂದ ಕಟ್ಟಡ ಕೆಲಸಕ್ಕೆಂದು ಹೈದರಾಬಾದ್‌ಗೆ ಗುಳೆ ಹೋಗುವ ಕುಟುಂಬಗಳು ಕೆಲಸದ ಜಾಗದಲ್ಲೇ ಶೆಡ್ ಹಾಕಿಕೊಂಡು ಬದುಕುತ್ತವೆ. ಪಕ್ಕದಲ್ಲೇ ಸೆಲ್ಲಾರ್‌ಗೆಂದು ತೋಡಿದ ದೊಡ್ಡ ಗುಂಡಿ ಇರುತ್ತದೆ. ಒಂದು ಜೋರು ಮಳೆಗೆ ಅದು ತುಂಬುತ್ತದೆ. ನಗರದ ಚರಂಡಿಗಳೂ ಸುರಕ್ಷಿತವಲ್ಲ. 2020ರ ಸೆಪ್ಟೆಂಬರ್‌ನಲ್ಲಿ ನೇರೆಡ್‌ಮೆಟ್‌ನಲ್ಲಿ ಸೈಕಲ್ ತುಳಿಯುತ್ತಿದ್ದ ಬಾಲಕಿ, 2023ರ ಏಪ್ರಿಲ್‌ನಲ್ಲಿ ಸಿಕಂದರಾಬಾದ್‌ನ ಕಲಾಸಿಗುಡದಲ್ಲಿ ಇನ್ನೊಬ್ಬ ಬಾಲಕಿ ತೆರೆದ ಚರಂಡಿಗೆ ಬಿದ್ದು ಮೃತಪಟ್ಟಿದ್ದರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಇವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಸುಮಾರು ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಭಾರತದಲ್ಲಿ ಪ್ರತಿ ವರ್ಷ 35 ಸಾವಿರಕ್ಕೂ ಹೆಚ್ಚು ಸಾವು ದಾಖಲಾಗುತ್ತಿವೆ.

ಕೂಗುವುದಕ್ಕೂ ಆಗುವುದಿಲ್ಲ

ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕಿರುಚುವುದಿಲ್ಲ, ಕೈ ಬೀಸುವುದಿಲ್ಲ. ಉಸಿರಿಗೇ ಕಷ್ಟವಾಗುವಾಗ ದನಿ ಹೊರಡುವುದಿಲ್ಲ. ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿದುಹೋಗಬಹುದು. ಅಂಬೆಗಾಲಿಡುವ ಕೂಸಿಗೆ ಅರ್ಧ ಬಕೆಟ್ ನೀರೂ ಅಪಾಯವೇ. ತಲೆ ಭಾರವಾದ್ದರಿಂದ ಬಗ್ಗಿ ಬಿದ್ದ ಮಗುವಿಗೆ ಮೇಲೇಳಲು ಆಗದು.

ಹಳ್ಳಿಗಳಲ್ಲಿ ಅಪಾಯದ ರೂಪ ಬೇರೆ. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ. ಒಳಗೆ ಇಳಿದವರಿಗೆ ಹಿಡಿದು ಮೇಲೇರಲು ಏನೂ ಸಿಗುವುದಿಲ್ಲ, ಈಜು ಬಲ್ಲವರಿಗೂ. ಕರ್ನಾಟಕದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನವಿದೆ. ಬೇಲಿ ಇಲ್ಲದಿದ್ದರೆ ಕನಿಷ್ಠ ಗಂಟು ಹಾಕಿದ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಬಹುದು. ಇದಕ್ಕೆ ಹೆಚ್ಚು ಖರ್ಚಿಲ್ಲ. ಇನ್ನು ಹೂಳೆತ್ತಿದ ಕೆರೆಗಳು. ತೆಲಂಗಾಣ 2015ರಲ್ಲಿ ಮಿಷನ್ ಕಾಕತೀಯ ಆರಂಭಿಸಿ ಸಾವಿರಾರು ಕೆರೆಗಳ ಹೂಳು ತೆಗೆಯಿತು. ನೀರಾವರಿಗೆ ಅದು ಒಳ್ಳೆಯದೇ. ಆದರೆ ಮಣ್ಣು ಅಗೆದ ಜಾಗದಲ್ಲಿ ಆಳ ಒಂದೇ ಸಮ ಇರುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೆ ಗುಂಡಿಯಲ್ಲಿರುತ್ತಾನೆ.

ಬಾಂಗ್ಲಾದೇಶ ಮಾಡಿದ್ದೇನು?

ಊರ ತುಂಬ ನೀರಿರುವ ಬಾಂಗ್ಲಾದೇಶದಲ್ಲಿ ಪ್ರತಿ ಹೊಂಡಕ್ಕೂ ಬೇಲಿ ಹಾಕುವುದು ಅಸಾಧ್ಯದ ಮಾತು. ಪುಟ್ಟ ಮಕ್ಕಳು ಹೆಚ್ಚಾಗಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರ ನಡುವೆ, ತಾಯಿ ಕೆಲಸದಲ್ಲಿರುವಾಗ ಮುಳುಗುತ್ತಾರೆ ಎಂಬುದು ಅಲ್ಲಿನ ಸಂಶೋಧಕರಿಗೆ ಗೊತ್ತಾಯಿತು. ಆ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳಲು ಊರಿನ ಮಹಿಳೆಯೊಬ್ಬರ ಮನೆಯಲ್ಲೇ ‘ಆಂಚಲ್’ ಎಂಬ ಶಿಶುಪಾಲನಾ ಕೇಂದ್ರ ತೆರೆದರು. ಅಲ್ಲಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ 80ಕ್ಕಿಂತ ಹೆಚ್ಚು ಇಳಿಯಿತು. 2022ರಲ್ಲಿ ಅಲ್ಲಿನ ಸರ್ಕಾರ ಇಂಥ 8 ಸಾವಿರ ಕೇಂದ್ರಗಳ ಯೋಜನೆಗೆ ಒಪ್ಪಿಗೆ ನೀಡಿತು.

ದೊಡ್ಡ ಮಕ್ಕಳಿಗೆ ಈಜು ಕಲಿಸಿದ್ದೂ ಹಳ್ಳಿಯ ಹೊಂಡದಲ್ಲೇ. ಬಿದಿರಿನ ಅಟ್ಟಣೆ, ಸುತ್ತ ಬಿದಿರಿನ ತಡೆ. 25 ಮೀಟರ್ ಈಜುವುದು, 30 ಸೆಕೆಂಡ್ ತೇಲುವುದು, ನೀರಿಗೆ ಇಳಿಯದೆ ಇನ್ನೊಬ್ಬರನ್ನು ಎಳೆಯುವುದು, ಇಷ್ಟೇ ಪಾಠ. ನಮ್ಮ ಹಳ್ಳಿಗಳಲ್ಲಿ ಸೊಂಟಕ್ಕೆ ಸೋರೆ ಬುರುಡೆ ಕಟ್ಟಿ ಬಾವಿಯಲ್ಲಿ ಈಜು ಕಲಿಸುವ ರೂಢಿ ಇತ್ತು. ಅದು ಹೆಚ್ಚಾಗಿ ಗಂಡುಮಕ್ಕಳಿಗೆ ಮಾತ್ರ.

ಕೂಸಿನ ಮನೆ ಊರಲ್ಲಿ, ಕೂಸು ನಗರದಲ್ಲಿ

ಕರ್ನಾಟಕ ಸರ್ಕಾರ 2023ರಲ್ಲಿ 4 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ನರೇಗಾ ಕೂಲಿಗೆ ಹೋಗುವ ತಾಯಂದಿರಿಗೆ ಇದರಿಂದ ಅನುಕೂಲ. ಗುಳೆ ಹೋದ ಕುಟುಂಬಕ್ಕೆ ಅದು ದಕ್ಕುವುದಿಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 35ನೇ ಸೆಕ್ಷನ್ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯ ಮಾಡಿದ್ದು 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಜಾಗದಲ್ಲಿ ಮಾತ್ರ. ಹತ್ತು ಹದಿನೈದು ಹೆಂಗಸರು ಇಟ್ಟಿಗೆ ಹೊರುವ ಸಾಮಾನ್ಯ ಅಪಾರ್ಟ್‌ಮೆಂಟ್ ಕೆಲಸ ಈ ಲೆಕ್ಕಕ್ಕೇ ಬರಲಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಮುಳುಗು ಸಾವು ತಡೆಗೆ ಕಾರ್ಯಸೂಚಿಯೊಂದನ್ನು ಹೊರತಂದಿದೆ. ಅದು ಇಂಥ ಶೆಡ್‌ಗಳವರೆಗೆ ತಲುಪಿದರಷ್ಟೇ ಪ್ರಯೋಜನ.

ಬಿದ್ದಾಗ ಏನು ಮಾಡಬೇಕು?

ಈಜು ಬಾರದವರು ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮೂವರು ನಾಲ್ವರು ಸತ್ತ ಪ್ರಕರಣಗಳು ಬೇಕಾದಷ್ಟಿವೆ. ಸೀರೆ, ಹಗ್ಗ, ಬಿದಿರು, ಖಾಲಿ ಕ್ಯಾನ್ ಎಸೆಯಿರಿ. ಮೇಲೆ ತಂದ ಮೇಲೆ ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತುವುದು ಬೇಡ. ಉಪ್ಪಿನಲ್ಲಿ ಮುಚ್ಚಿಟ್ಟರೆ ಜೀವ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಶುದ್ಧ ಸುಳ್ಳು. ಅದನ್ನು ನಂಬಿ ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ಹೆತ್ತವರು ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದಿದ್ದರು.

ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ನಂತರ ಎದೆಯ ಮಧ್ಯೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಮತ್ತೆ 2 ಬಾರಿ ಉಸಿರು ಕೊಡಬೇಕು. ಆಂಬುಲೆನ್ಸ್ ಬರುವವರೆಗೂ ಇದನ್ನು ನಿಲ್ಲಿಸಬಾರದು. 108 ಸಂಖ್ಯೆ ಎರಡೂ ರಾಜ್ಯಗಳಲ್ಲಿ ಕೆಲಸ ಮಾಡುತ್ತದೆ. ಮಗು ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು.