ಸೈಲೆನ್ಸರ್ ಬದಲಿಸಬಹುದು, ಕನ್ವರ್ಟರ್ ತೆಗೆಯುವಂತಿಲ್ಲ

ಕೃಷ್ಣಾ ನದಿಯ ದಂಡೆಯಲ್ಲಿರುವ ರಾಯಬಾಗ ತಾಲ್ಲೂಕಿನ ಕುಡಚಿ ಭಾಗದಲ್ಲಿ ಕಾರಿನ ಸೈಲೆನ್ಸರ್ ದೀರ್ಘಕಾಲ ಬಾಳುವುದು ಕಷ್ಟ. ಮಹಾರಾಷ್ಟ್ರದ ಜಲಾನಯನ ಪ್ರದೇಶದಲ್ಲಿ ಭಾರಿ ಮಳೆ ಸುರಿದಾಗ ಕುಡಚಿ–ಉಗಾರ ಸೇತುವೆ ಜಲಾವೃತವಾಗುವುದು ಇಲ್ಲಿನವರಿಗೆ ಹೊಸ ಸಂಗತಿಯಲ್ಲ. 2019 ಮತ್ತು 2021ರ ಪ್ರವಾಹಗಳಲ್ಲಿ ನದಿಯ ಎರಡೂ ದಂಡೆಯ ಊರುಗಳ ಸಂಪರ್ಕ ಕಡಿದುಹೋಗಿತ್ತು. ಮಳೆಗಾಲದಲ್ಲಿ ನೀರು ಮತ್ತು ಕೆಸರು, ಕಬ್ಬಿನ ಹಂಗಾಮಿನಲ್ಲಿ ಭಾರ ಹೊತ್ತ ಟ್ರ್ಯಾಕ್ಟರ್‌ಗಳು ಕೊರೆದ ತಗ್ಗುಗಳು. ಇವೆರಡರ ನಡುವೆ ಕಾರಿನ ಹೊಟ್ಟೆಯಡಿಯ ಕೊಳವೆ ತುಕ್ಕು ಹಿಡಿಯುತ್ತದೆ, ನೆಲಕ್ಕೆ ತಾಗಿ ಸೀಳುತ್ತದೆ, ಕೊನೆಗೊಮ್ಮೆ ತೂತು ಬೀಳುತ್ತದೆ.

ಕಾರಿನ ಸದ್ದು ಹೆಚ್ಚಾದಾಗ ಮಾಲೀಕನು ಗ್ಯಾರೇಜಿಗೆ ಹೋಗುತ್ತಾನೆ. ಕಂಪನಿಯ ಬಿಡಿಭಾಗ ದುಬಾರಿ, ಬರುವುದಕ್ಕೂ ದಿನಗಳು ಬೇಕು. ಹೊರಗಿನ ತಯಾರಿಕೆಯ ಸೈಲೆನ್ಸರ್ ಅಗ್ಗವಾಗಿ ಸಿಗುತ್ತದೆ. ಇಲ್ಲಿಯವರೆಗೆ ತಪ್ಪೇನಿಲ್ಲ. ಆದರೆ ಇದೇ ಸಂದರ್ಭದಲ್ಲಿ ಇನ್ನೊಂದು ಸಲಹೆಯೂ ಅಲ್ಲಲ್ಲಿ ಕೇಳಿಬರುತ್ತದೆ: ಹೇಗೂ ಕೊಳವೆ ಬಿಚ್ಚಿದ್ದಾಗಿದೆ, ಮುಂದಿನ ಡಬ್ಬಿಯನ್ನೂ ತೆಗೆಸಿದರೆ ಗಾಡಿ ಹಗುರಾಗಿ ಓಡುತ್ತದೆ, ಮೈಲೇಜೂ ಸಿಗುತ್ತದೆ. ಆ 'ಡಬ್ಬಿ'ಯೇ ಕ್ಯಾಟಲಿಟಿಕ್ ಕನ್ವರ್ಟರ್. ಸಲಹೆಯನ್ನು ಒಪ್ಪುವ ಮುನ್ನ ಅದರ ಕೆಲಸವೇನು, ಅದನ್ನು ಮುಟ್ಟಿದರೆ ಆಗುವುದೇನು ಎಂಬುದನ್ನು ಅರಿತಿರುವುದು ಒಳಿತು.

ಕೊಳವೆಯಲ್ಲ, ಪುಟ್ಟ ಕಾರ್ಖಾನೆ

ಹಳೆಯ ಕಾಲದ ಕಾರುಗಳಲ್ಲಿ ಎಂಜಿನ್‌ನ ಹೊಗೆಯನ್ನು ಹಿಂದಕ್ಕೆ ಒಯ್ದು, ಸದ್ದಡಗಿಸಿ ಹೊರಬಿಡುವುದಷ್ಟೇ ಹೊಗೆಕೊಳವೆಯ ಕೆಲಸವಾಗಿತ್ತು. ಭಾರತದಲ್ಲಿ ಈ ಸ್ಥಿತಿ ಬದಲಾಗತೊಡಗಿದ್ದು 1995ರ ಏಪ್ರಿಲ್‌ನಲ್ಲಿ. ಅಂದಿನಿಂದ ನಾಲ್ಕು ಮಹಾನಗರಗಳಲ್ಲಿ ಮಾರಾಟವಾಗುವ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಸೀಸವು ಕನ್ವರ್ಟರ್‌ಗೆ ವಿಷವಾದುದರಿಂದ ಸೀಸರಹಿತ ಪೆಟ್ರೋಲನ್ನೂ ಜೊತೆಗೇ ತರಬೇಕಾಯಿತು. 2000ದ ಫೆಬ್ರುವರಿಯಲ್ಲಿ ಸೀಸಯುಕ್ತ ಪೆಟ್ರೋಲ್ ದೇಶದೆಲ್ಲೆಡೆ ನಿಂತುಹೋಯಿತು. 2017ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್–4 ಮಾನದಂಡ ಇಡೀ ದೇಶಕ್ಕೆ ಅನ್ವಯಿಸಿತು. ಐದನೆಯ ಹಂತವನ್ನು ಕೈಬಿಟ್ಟು 2020ರ ಏಪ್ರಿಲ್ 1ರಿಂದ ನೇರವಾಗಿ ಆರನೆಯ ಹಂತ ಜಾರಿಗೆ ಬಂದಿತು.

ಕನ್ವರ್ಟರ್‌ನ ಉಕ್ಕಿನ ಕವಚದೊಳಗೆ ಜೇನುಗೂಡಿನಂತಹ ಪಿಂಗಾಣಿಯ ಇಟ್ಟಿಗೆಯೊಂದಿರುತ್ತದೆ. ಅದರ ಸಣ್ಣ ಸಣ್ಣ ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಅಮೂಲ್ಯ ಲೋಹಗಳ ತೆಳು ಲೇಪವಿರುತ್ತದೆ. ಹೊಗೆ ಈ ಕಿಂಡಿಗಳ ಮೂಲಕ ಹಾದುಹೋಗುವಾಗ ಮೂರು ಕ್ರಿಯೆಗಳು ನಡೆಯುತ್ತವೆ. ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಉರಿಯದೆ ಉಳಿದ ಇಂಧನದ ಆವಿಯು ನೀರು ಹಾಗೂ ಕಾರ್ಬನ್ ಡೈಆಕ್ಸೈಡ್ ಆಗಿ ಮಾರ್ಪಡುತ್ತದೆ. ನೈಟ್ರೋಜನ್ ಆಕ್ಸೈಡ್‌ಗಳು ಒಡೆದು ನಿರುಪದ್ರವಿ ಸಾರಜನಕ ಉಳಿಯುತ್ತದೆ. ಈ ಕಾರ್ಯ ಚುರುಕಾಗಲು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬೇಗನೆ ಕಾಯಲೆಂದೇ ಈಚಿನ ಹಲವು ಕಾರುಗಳಲ್ಲಿ ಕನ್ವರ್ಟರನ್ನು ಎಂಜಿನ್‌ಗೆ ಅಂಟಿಕೊಂಡಂತೆ, ಮ್ಯಾನಿಫೋಲ್ಡ್‌ನ ಪಕ್ಕದಲ್ಲೇ ಕೂರಿಸಲಾಗಿರುತ್ತದೆ.

ಇಬ್ಬರು ಕಾವಲುಗಾರರು

ಕನ್ವರ್ಟರ್‌ನ ಮುಂದೆ ಒಂದು, ಹಿಂದೆ ಒಂದು ಆಮ್ಲಜನಕ ಸಂವೇದಕ, ಅಂದರೆ ಆಕ್ಸಿಜನ್ ಸೆನ್ಸರ್ ಇರುತ್ತದೆ. ಮುಂದಿನದು ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಅಳೆದು ಎಂಜಿನ್ ನಿಯಂತ್ರಿಸುವ ಗಣಕಕ್ಕೆ ತಿಳಿಸುತ್ತದೆ. ಆ ಮಾಹಿತಿಯ ಆಧಾರದಿಂದ ಗಣಕವು ಇಂಧನವನ್ನು ಕ್ಷಣಕ್ಷಣವೂ ಹೆಚ್ಚು ಕಡಿಮೆ ಮಾಡುತ್ತದೆ. ಹಿಂದಿನ ಸೆನ್ಸರ್ ಕನ್ವರ್ಟರ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುತ್ತದೆ. ಕೆಲಸ ಕೆಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿಹ್ನೆಯ ಹಳದಿ ದೀಪ ಹೊತ್ತಿಕೊಳ್ಳುತ್ತದೆ.

ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಸಕ್ಕರೆ ಕಾರ್ಖಾನೆಗಳ ಸೀಮೆಯಾದ ಕುಡಚಿ, ಉಗಾರ, ರಾಯಬಾಗದ ಜನರಿಗೆ ಎಥನಾಲ್ ಅಪರಿಚಿತವಲ್ಲ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಈ ಪ್ರಮಾಣ ಸುಮಾರು 13.5ಕ್ಕೆ ಇಳಿಯುತ್ತದೆ. ಎಥನಾಲ್‌ನ ಅಣುವಿನಲ್ಲೇ ಆಮ್ಲಜನಕ ಇರುವುದು ಇದಕ್ಕೆ ಕಾರಣ. ಈ ವ್ಯತ್ಯಾಸವನ್ನು ಸರಿದೂಗಿಸುವುದು ಕೂಡ ಮುಂದಿನ ಸೆನ್ಸರ್‌ನ ನೆರವಿನಿಂದಲೇ. ಹೀಗಾಗಿ ಆ ಸೆನ್ಸರ್‌ಗೆ ಸುಳ್ಳು ಮಾಹಿತಿ ದೊರೆತರೆ ಇಡೀ ಲೆಕ್ಕಾಚಾರವೇ ತಪ್ಪುತ್ತದೆ.

ಸುಳ್ಳು ಮಾಹಿತಿ ದೊರೆಯುವುದು ಹೇಗೆ? ಕೊಳವೆ ಕೂಡಿಸಿದ ಜಾಗದಲ್ಲಿ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಕೂದಲೆಳೆಯಷ್ಟು ಸಂದು ಉಳಿದರೂ ಸಾಕು. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಮಿಡಿಯುತ್ತ ಹರಿಯುತ್ತದೆ. ಎರಡು ಮಿಡಿತಗಳ ನಡುವೆ ಒತ್ತಡ ಕುಸಿದಾಗ ಹೊರಗಿನ ಗಾಳಿ ಸಂದಿನಿಂದ ಒಳನುಗ್ಗುತ್ತದೆ. ಸೆನ್ಸರ್ ಅದನ್ನು ಕಂಡು ಇಂಧನ ಸಾಲದೆಂದು ವರದಿ ಮಾಡುತ್ತದೆ. ಗಣಕ ಇನ್ನಷ್ಟು ಪೆಟ್ರೋಲ್ ಸುರಿಸುತ್ತದೆ. ಹೆಚ್ಚುವರಿ ಪೆಟ್ರೋಲ್ ಕನ್ವರ್ಟರ್‌ನೊಳಗೆ ಉರಿದು ಅದನ್ನು ಮಿತಿಮೀರಿ ಕಾಯಿಸುತ್ತದೆ. ಇದು ಮುಂದುವರಿದರೆ ಜೇನುಗೂಡು ಕರಗಿ ಮುದ್ದೆಯಾಗಿ ದಾರಿಯನ್ನೇ ಮುಚ್ಚಬಹುದು. ಕೆಲವು ನೂರು ರೂಪಾಯಿಯ ಗ್ಯಾಸ್ಕೆಟ್ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಕನ್ವರ್ಟರ್ ಕಳೆದುಕೊಳ್ಳುವ ಬಗೆ ಇದು.

ಮೈಲೇಜಿನ ಮಾತು

ಕನ್ವರ್ಟರ್ ತೆಗೆದರೆ ಮೈಲೇಜ್ ಹೆಚ್ಚುತ್ತದೆಂಬ ನಂಬಿಕೆ ಹುಟ್ಟಿದ್ದು ಕಟ್ಟಿಕೊಂಡ ಕನ್ವರ್ಟರ್‌ಗಳಿಂದ. ಮುಚ್ಚಿಹೋದ ಕನ್ವರ್ಟರ್ ಎಂಜಿನ್‌ನ ಉಸಿರು ಕಟ್ಟಿಸುತ್ತದೆ; ಅದನ್ನು ತೆಗೆದೊಡನೆ ಗಾಡಿ ಚುರುಕಾಗುವುದು ಸಹಜ. ಆದರೆ ಸುಸ್ಥಿತಿಯ ಕನ್ವರ್ಟರ್ ಒಡ್ಡುವ ತಡೆ ಅಲ್ಪ. ಅದನ್ನು ತೆಗೆದರೆ ನಿತ್ಯದ ಓಡಾಟದಲ್ಲಿ ಗುರುತಿಸುವಂತಹ ಲಾಭ ಸಿಗುವುದಿಲ್ಲ. ಕಟ್ಟಿಕೊಂಡಿದ್ದರೂ ಪ್ರಶ್ನೆ ಕೇಳಬೇಕಾದುದು ಎಂಜಿನ್‌ಗೆ: ಪ್ಲಗ್ ಕಿಡಿ ಹಾರಿಸದೆ ಪೆಟ್ರೋಲ್ ಹಸಿಯಾಗಿಯೇ ಹೊರಬರುತ್ತಿದೆಯೇ, ಆಯಿಲ್ ಉರಿಯುತ್ತಿದೆಯೇ? ಮೂಲ ದೋಷವನ್ನು ಸರಿಪಡಿಸದೆ ಹೊಸ ಕನ್ವರ್ಟರ್ ಕೂರಿಸಿದರೂ ಅದೂ ಕಟ್ಟಿಕೊಳ್ಳುತ್ತದೆ.

ಪ್ರವಾಹದ ದಿನಗಳಲ್ಲಿ ಇನ್ನೊಂದು ಅಪಾಯವಿದೆ. ದೂರ ಓಡಿ ಕಾದ ಕಾರು ಒಮ್ಮೆಲೇ ಆಳದ ನೀರಿಗಿಳಿದರೆ ಹಠಾತ್ ತಂಪಿನಿಂದ ಒಳಗಿನ ಪಿಂಗಾಣಿ ಬಿರುಕು ಬಿಡಬಹುದು. ಬಳಿಕ ಡಬ್ಬಿಯನ್ನು ತಟ್ಟಿದಾಗ ಒಳಗೆ ಕಲ್ಲು ಅಲುಗಾಡಿದಂತೆ ಸದ್ದು ಬಂದರೆ ಪಿಂಗಾಣಿ ಒಡೆದಿದೆ ಎಂದೇ ತಿಳಿಯಬೇಕು. ಆಗ ಬೇಕಿರುವುದು ಹೊಸ ಕನ್ವರ್ಟರ್; ಅದರ ಜಾಗದಲ್ಲಿ ಬೋಳು ಕೊಳವೆಯಲ್ಲ.

ಗೆರೆ ಎಳೆಯುವುದು ಎಲ್ಲಿ?

ನಿಯಮ ಸರಳವಾಗಿದೆ. ಕನ್ವರ್ಟರ್ ಮತ್ತು ಹಿಂದಿನ ಸೆನ್ಸರ್ ಮುಗಿದ ನಂತರದ ಭಾಗವನ್ನು, ಅಂದರೆ ನಡುವಿನ ಕೊಳವೆ, ಸೈಲೆನ್ಸರ್ ಹಾಗೂ ಬಾಲದ ಕೊಳವೆಯನ್ನು ಮೂಲ ಮಾದರಿಗೆ ಹೊಂದುವ ಹೊರಗಿನ ತಯಾರಿಕೆಯಿಂದ ಬದಲಿಸಬಹುದು. ಅದಕ್ಕಿಂತ ಮುಂದಿನ ಯಾವುದನ್ನೂ ಬೇರೆ ಬಗೆಯದಕ್ಕೆ ಬದಲಿಸಬಾರದು. ಓಟದ ಕಾರುಗಳಿಗೆಂದು ಮಾರುವ ಮ್ಯಾನಿಫೋಲ್ಡ್‌ಗಳು ಅಂದವಾಗಿ ಕಾಣುತ್ತವೆ. ಆದರೆ ಎಂಜಿನ್‌ಗೆ ಅಂಟಿಕೊಂಡ ಕನ್ವರ್ಟರ್ ಇರುವ ಕಾರಿನಲ್ಲಿ ಅವನ್ನು ಕೂರಿಸಬೇಕಾದರೆ ಕನ್ವರ್ಟರನ್ನೇ ಕಿತ್ತುಹಾಕಬೇಕಾಗುತ್ತದೆ.

ಡೀಸೆಲ್ ಕಾರುಗಳಲ್ಲಿ ಈ ಗೆರೆ ಇನ್ನೂ ಹಿಂದಕ್ಕೆ ಸರಿಯುತ್ತದೆ. ಆರನೆಯ ಹಂತದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಕಣ ಶೋಧಕವಿರುತ್ತದೆ. ಕಾಲಕಾಲಕ್ಕೆ ಅದು ಸುಮಾರು 600 ಡಿಗ್ರಿಯವರೆಗೆ ಕಾದು ಮಸಿಯನ್ನು ಸುಟ್ಟುಕೊಳ್ಳುತ್ತದೆ. ಒತ್ತಡ ಅಳೆಯುವ ಸಣ್ಣ ನಳಿಕೆಗಳೂ ಶಾಖಮಾಪಕಗಳೂ ಅದಕ್ಕೆ ಜೋಡಿಸಿರುತ್ತವೆ. ಕೆಲವು ಮಾದರಿಗಳಲ್ಲಿ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆಯೂ ಇದೆ. ಇವೆಲ್ಲ ಮುಗಿದ ಮೇಲಷ್ಟೇ ಸೈಲೆನ್ಸರ್ ಕೆಲಸಕ್ಕೆ ಕೈಹಾಕಬೇಕು.

ಗ್ಯಾರೇಜಿನಲ್ಲಿ ಗಮನಿಸಬೇಕಾದುದು

ಹೊಸ ಕೊಳವೆಯ ವ್ಯಾಸ ಮೂಲ ಕೊಳವೆಯಷ್ಟೇ ಇರಲಿ; ದೊಡ್ಡದಾದಷ್ಟೂ ಒಳ್ಳೆಯದೆಂಬುದು ಭ್ರಮೆ. ಕಾರಿನ ಮೇಲೆ ವೆಲ್ಡಿಂಗ್ ಮಾಡುವುದಿದ್ದರೆ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಇಲ್ಲವಾದರೆ ಎಂಜಿನ್‌ನ ಗಣಕಕ್ಕೆ ಪೆಟ್ಟು ಬೀಳುವ ಸಂಭವವಿದೆ. ಪ್ರತಿ ಕೂಡಿಕೆಗೂ ಹೊಸ ಗ್ಯಾಸ್ಕೆಟ್ ಬೇಕು. ಸಂದು ಮುಚ್ಚಲು ಸಿಕ್ಕ ಸಿಕ್ಕ ಸಿಲಿಕೋನ್ ಬಳಿಯಬಾರದು. ಅದರ ಆವಿ ಸೆನ್ಸರನ್ನು ಕೆಡಿಸುತ್ತದೆ. ಸೈಲೆನ್ಸರ್‌ನ ಭಾರವನ್ನು ರಬ್ಬರಿನ ಹ್ಯಾಂಗರ್‌ಗಳು ಹೊರಬೇಕೇ ಹೊರತು ಕನ್ವರ್ಟರ್‌ನ ಕತ್ತು ಹೊರಬಾರದು.

ಶಾಖ ತಡೆಯುವ ತಗಡುಗಳನ್ನು ಬಿಚ್ಚಿದವರು ಮರಳಿ ಹಾಕದೆ ಬಿಡುವುದುಂಟು. ಕಬ್ಬಿನ ಸೀಮೆಯಲ್ಲಿ ಇದು ಸಣ್ಣ ತಪ್ಪಲ್ಲ. ಹೊಲದ ಅಂಚಿನಲ್ಲಿ ಒಣಗಿದ ರವದಿಯ ಮೇಲೆ ಕಾರು ನಿಲ್ಲಿಸಿದಾಗ ಕೆಳಗಿನ ಕಾದ ಲೋಹದಿಂದ ಬೆಂಕಿ ತಗುಲಬಹುದು. ಬಾಲದ ಕೊಳವೆ ಬಂಪರಿನಿಂದ ಹೊರಗೆ ಚಾಚಿರಬೇಕು. ಕಾರಿನಡಿಯಲ್ಲೇ ಹೊಗೆ ಬಿಟ್ಟರೆ ಅದು ಒಳಗೆ ನುಸುಳುತ್ತದೆ.

ಕೊನೆಯ ಈ ಮಾತು ಜೀವಕ್ಕೆ ಸಂಬಂಧಿಸಿದ್ದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳ ಸಾಲಿನ ಹಿಂದೆ ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ ಕಾಯುವ ಕಾರೊಂದನ್ನು ಊಹಿಸಿಕೊಳ್ಳಬೇಕು. ಅದಕ್ಕೆ ಕನ್ವರ್ಟರ್ ಇಲ್ಲ, ಕೊಳವೆಯ ಕೂಡಿಕೆಯಲ್ಲಿ ಸೋರಿಕೆಯೂ ಇದೆ ಎಂದಾದರೆ ಹಿಂದಿನ ಸೀಟಿನಲ್ಲಿ ನಿದ್ರಿಸುವ ಮಗುವಿಗೆ ತಲೆನೋವು, ವಾಕರಿಕೆಯಿಂದ ಮೊದಲಾಗಿ ಪ್ರಾಣಾಪಾಯದವರೆಗೆ ಏನೂ ಸಂಭವಿಸಬಹುದು.

ಕಾನೂನು ಏನೆನ್ನುತ್ತದೆ?

ಕುಡಚಿಯವರಿಗೆ ಮಿರಜ, ಸಾಂಗಲಿ ಹತ್ತಿರದ ಪೇಟೆಗಳು. ಆದರೆ ಕೆಲಸ ಯಾವ ರಾಜ್ಯದಲ್ಲಿ ಮಾಡಿಸಿದರೂ ಅನ್ವಯವಾಗುವುದು ಕೇಂದ್ರದ 1988ರ ಮೋಟಾರು ವಾಹನ ಕಾಯ್ದೆಯೇ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ಅದರ 52ನೇ ಕಲಂ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಶಬ್ದ ಹಾಗೂ ವಾಯುಮಾಲಿನ್ಯದ ಮಾನದಂಡ ಮೀರಿದರೆ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗಿನ ಸೆರೆವಾಸ, 10,000 ರೂಪಾಯಿವರೆಗಿನ ದಂಡದ ಅವಕಾಶ ಕಾಯ್ದೆಯಲ್ಲಿದೆ. ಕರ್ಕಶ ಸೈಲೆನ್ಸರ್‌ಗಳನ್ನು ಪೊಲೀಸರು ವಶಪಡಿಸಿಕೊಂಡು ರೋಡ್ ರೋಲರ್ ಹರಿಸಿದ ದೃಶ್ಯವನ್ನು ರಾಜ್ಯದ ಜನ ಈಗಾಗಲೇ ಕಂಡಿದ್ದಾರೆ.

ಹೊಗೆ ತಪಾಸಣೆಯಲ್ಲಿಯೂ ಕನ್ವರ್ಟರ್ ಇಲ್ಲದ ಕಾರು ಸಿಕ್ಕಿಬೀಳುತ್ತದೆ. ನಾಲ್ಕು ಮತ್ತು ಆರನೆಯ ಹಂತದ ಪೆಟ್ರೋಲ್ ಕಾರು ನಿಂತಲ್ಲೇ ಚಾಲೂ ಇರುವಾಗ ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3ನ್ನು ಮೀರುವಂತಿಲ್ಲ. ಕನ್ವರ್ಟರ್ ಇಲ್ಲದೆ ಈ ಮಿತಿಯೊಳಗೆ ಉಳಿಯುವುದು ದುಸ್ಸಾಧ್ಯ. ಹಿಂದಿನ ಸೆನ್ಸರ್‌ಗೆ ಮಂಕುಬೂದಿ ಎರಚುವ ಉಪಾಯಗಳು ಹಳದಿ ದೀಪವನ್ನು ಆರಿಸಬಹುದೇ ಹೊರತು ಹೊಗೆಯನ್ನು ಶುದ್ಧಗೊಳಿಸಲಾರವು.

ಕಾರು ಮನೆಗೆ ಮರಳುವ ಮುನ್ನ

ಕೆಲಸ ಮುಗಿದ ಬಳಿಕ ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ, ಒದ್ದೆ ಬಟ್ಟೆಯಿಂದ ಬಾಲದ ಕೊಳವೆಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಸೋರುವ ಕೂಡಿಕೆ 'ಚಟಪಟ' ಸದ್ದಿನಿಂದ ತನ್ನನ್ನು ತೋರಿಸಿಕೊಳ್ಳುತ್ತದೆ. ಇದನ್ನು ಬಯಲಿನಲ್ಲಿಯೇ ಮಾಡಬೇಕು. ನಂತರ ಸ್ಕ್ಯಾನರ್ ಹಚ್ಚಿ ದೋಷಸಂಕೇತಗಳಿಲ್ಲವೆಂದು ಖಚಿತಪಡಿಸಿಕೊಂಡು, ಹೊಸದಾಗಿ ಹೊಗೆ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯುವುದು ಜಾಣತನ.

ಕನ್ವರ್ಟರ್ ಬದಲಿಸಲೇಬೇಕಾಗಿ ಬಂದಿದ್ದರೆ ಹಳೆಯದನ್ನು ಕೇಳಿ ಪಡೆಯಬೇಕು. ಒಳಗಿನ ಲೋಹಗಳಿಂದಾಗಿ ಅದಕ್ಕೆ ಗುಜರಿಯಲ್ಲಿಯೂ ಬೆಲೆಯಿದೆ. 'ಬೇಡವಾದ ಡಬ್ಬಿ'ಯನ್ನು ತೆಗೆಸುವ ಸಲಹೆಯ ಹಿಂದೆ ಕೆಲವೊಮ್ಮೆ ಈ ಬೆಲೆಯೂ ಅಡಗಿರಬಹುದು ಎಂಬುದನ್ನು ಮಾಲೀಕರು ಮರೆಯಬಾರದು. ಕಾರಿನ ಸದ್ದಡಗಿಸುವ ಭಾಗ ಯಾರ ತಯಾರಿಕೆಯದಾದರೂ ಆದೀತು. ವಿಷವಡಗಿಸುವ ಭಾಗ ಮಾತ್ರ ಇದ್ದಲ್ಲಿಯೇ, ಇದ್ದಂತೆಯೇ ಇರಬೇಕು.