ನಿಮಗಿದು ಗೊತ್ತೇ? ಮೇಜಿನ ಮೇಲಿನ ವಿಮಾನಕ್ಕೂ ಲೈಸೆನ್ಸ್ ಇದೆ!

ನೆಲದ ಮೇಲೆ ಕೂರಿಸಿಯೇ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದ 'ಲಿಂಕ್ ಟ್ರೈನರ್' ಯಂತ್ರವನ್ನು ಮೊದಮೊದಲು ಕೊಂಡವರಲ್ಲಿ ವಿಮಾನ ಶಾಲೆಗಳಿಗಿಂತ ಮನರಂಜನಾ ಪಾರ್ಕುಗಳೇ ಹೆಚ್ಚು. ಅಮೆರಿಕದ ಬಿಂಗ್‌ಹ್ಯಾಮ್ಟನ್‌ನಲ್ಲಿ ಪಿಯಾನೋ, ಆರ್ಗನ್ ತಯಾರಿಸುತ್ತಿದ್ದ ಮನೆತನದ ಎಡ್ವಿನ್ ಲಿಂಕ್, ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಬಳಸಿ ಅದನ್ನು ಕಟ್ಟಿದರು. 1929ರಲ್ಲಿ ಅರ್ಜಿ ಹಾಕಿ 1931ರಲ್ಲಿ ಪಡೆದ ಪೇಟೆಂಟಿನ ಶೀರ್ಷಿಕೆಯಲ್ಲೇ ವಿದ್ಯಾರ್ಥಿ ವೈಮಾನಿಕರ ತರಬೇತಿಯನ್ನೂ ಮನರಂಜನೆಯನ್ನೂ ಒಟ್ಟಿಗೆ ಹೆಸರಿಸಿದ್ದರು. 1934ರಲ್ಲಿ ಅಮೆರಿಕದ ಸೇನೆ ವಿಮಾನದಲ್ಲಿ ಟಪಾಲು ಸಾಗಿಸಲು ಹೋಗಿ, ಕೆಟ್ಟ ಹವೆಯಲ್ಲಿ ಪೈಲಟ್‌ಗಳನ್ನು ಕಳೆದುಕೊಂಡ ಮೇಲೆ ಆರು ಯಂತ್ರಗಳನ್ನು ಕೊಂಡಿತು. ಅಂದು ಒಂದೇ ಪೇಟೆಂಟಿನಲ್ಲಿ ಹೊಂದಿಕೊಂಡಿದ್ದ ಆಟ ಮತ್ತು ಪಾಠವನ್ನು ಬೇರ್ಪಡಿಸಲು ಇಂದಿನ ಕಂಪ್ಯೂಟರ್ ಸಿಮ್ಯುಲೇಟರುಗಳ ಲೈಸೆನ್ಸುಗಳು ಪುಟಗಟ್ಟಲೆ ಬರೆಯುತ್ತಿವೆ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹುಟ್ಟಿದ್ದು ಮೈಕ್ರೋಸಾಫ್ಟ್‌ನಲ್ಲಲ್ಲ! ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದ ಬ್ರೂಸ್ ಆರ್ಟ್‌ವಿಕ್ ಅವರ ಸಬ್‌ಲಾಜಿಕ್ ಕಂಪನಿಯ ತಂತ್ರಾಂಶ ಅದು. ಮೊದಲು ಆಪಲ್ 2 ಕಂಪ್ಯೂಟರಿಗೆ ಬಂತು. ಅದರ ಲೈಸೆನ್ಸ್ ಪಡೆದು ಮೈಕ್ರೋಸಾಫ್ಟ್ 1982ರಲ್ಲಿ ಐಬಿಎಂ ಪಿಸಿಗೆ ತನ್ನ ಹೆಸರಿನಲ್ಲಿ ಬಿಡುಗಡೆ ಮಾಡಿತು. ಅದೇ ಹೊತ್ತಿಗೆ ಸಬ್‌ಲಾಜಿಕ್ ಬೇರೆ ಕಂಪ್ಯೂಟರುಗಳಿಗೆ ತನ್ನದೇ 'ಫ್ಲೈಟ್ ಸಿಮ್ಯುಲೇಟರ್ 2' ಮಾರುತ್ತಿತ್ತು. 1995ರ ಕೊನೆಗೆ ಆರ್ಟ್‌ವಿಕ್ ಅವರ ಸಂಸ್ಥೆಯನ್ನೇ ಕೊಂಡಾಗ ಮೈಕ್ರೋಸಾಫ್ಟ್ ಅದರ ಪೂರ್ಣ ಒಡೆಯನಾಯಿತು. ಹದಿಮೂರು ವರ್ಷ ದೈತ್ಯ ಕಂಪನಿಯೂ ಬರೀ ಲೈಸೆನ್ಸ್‌ದಾರ!

1980ರ ದಶಕದಲ್ಲಿ ಹೊಸ ಕಂಪ್ಯೂಟರ್ ನಿಜಕ್ಕೂ 'ಐಬಿಎಂಗೆ ಹೊಂದುತ್ತದೆಯೇ' ಎಂದು ಪರೀಕ್ಷಿಸಲು ಅಂಗಡಿಯವರು ಓಡಿಸಿ ನೋಡುತ್ತಿದ್ದ ಎರಡು ತಂತ್ರಾಂಶಗಳು ಯಾವುವು? ಲೆಕ್ಕದ ಲೋಟಸ್ 1-2-3 ಮತ್ತು ಈ ಫ್ಲೈಟ್ ಸಿಮ್ಯುಲೇಟರ್.

ಒಂದೇ ಸೋರ್ಸ್ ಕೋಡ್ ಎರಡು ಮನೆಗೆ ಪಾಲಾದ ಕಥೆ ಗೊತ್ತೇ? ಈ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. 2006ರಲ್ಲಿ ಬಂದ 'ಫ್ಲೈಟ್ ಸಿಮ್ಯುಲೇಟರ್ ಎಕ್ಸ್' ಅನ್ನು ಮಾಡಿದ ಏಸಸ್ ಸ್ಟುಡಿಯೋವನ್ನು ಮೈಕ್ರೋಸಾಫ್ಟ್ 2009ರ ಜನವರಿಯಲ್ಲಿ ಮುಚ್ಚಿತು. ಆ ತಂತ್ರಾಂಶವನ್ನು ಉದ್ಯಮಗಳ ಬಳಕೆಗೆ ಒಗ್ಗಿಸಿ 'ಇಎಸ್‌ಪಿ' ಎಂಬ ಹೆಸರಿನಲ್ಲಿ ಅದಾಗಲೇ ತಂದಾಗಿತ್ತು. ಅದರ ಹಕ್ಕನ್ನು ಯುದ್ಧವಿಮಾನಗಳ ತಯಾರಕ ಲಾಕ್‌ಹೀಡ್ ಮಾರ್ಟಿನ್ ಪಡೆದು 2010ರಲ್ಲಿ 'ಪ್ರಿಪೇರ್‌ಡ್' ಹೊರತಂದಿತು. ಮನರಂಜನೆಯ ಹಕ್ಕು ಮಾತ್ರ ಇಂಗ್ಲೆಂಡಿನ ಡವ್‌ಟೇಲ್ ಗೇಮ್ಸ್‌ಗೆ ಹೋಯಿತು. ಅವರು 2014ರ ಡಿಸೆಂಬರಿನಲ್ಲಿ ಹಳೆಯ ಆಟವನ್ನು ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಗೆ ತಂದರು. ತಾಯಿಬೇರು ಒಂದೇ ಆದರೂ ಒಬ್ಬರು ಆಟ ಎಂದು ಮಾರಬಹುದು, ಇನ್ನೊಬ್ಬರು ಹಾಗೆ ಮಾರುವಂತಿಲ್ಲ.

ಪ್ರಿಪೇರ್‌ಡ್‌ನ ಕರಾರಿನಲ್ಲಿ ಖಾಸಗಿ ಮನರಂಜನೆಗೆ ಬಳಸಬಾರದು ಎಂದು ನೇರವಾಗಿಯೇ ಬರೆದಿದೆ. ವಿದ್ಯಾರ್ಥಿಗಳ 'ಅಕಾಡೆಮಿಕ್' ಲೈಸೆನ್ಸಿಗೆ ಸುಮಾರು 60 ಡಾಲರ್, 'ಪ್ರೊಫೆಷನಲ್'ಗೆ ಸುಮಾರು 200 ಡಾಲರ್ ಬೆಲೆ ಇತ್ತು. ಅಕಾಡೆಮಿಕ್ ಇದ್ದದ್ದು ಶಾಲೆಯಿಂದ ಪದವಿವರೆಗಿನ ವಿದ್ಯಾರ್ಥಿಗಳಿಗೆ. ಆದರೂ ಸಾವಿರಾರು ಹವ್ಯಾಸಿಗಳು ಅಗ್ಗದ ಲೈಸೆನ್ಸನ್ನೇ ಕೊಂಡು, ಸಂಜೆ ಕೆಲಸದಿಂದ ಬಂದು ಹಾರಿಸಿದರು. ಅವರಲ್ಲಿ ಎಷ್ಟೋ ಮಂದಿ ಚಾರ್ಟ್ ಓದುವುದನ್ನೂ ರೇಡಿಯೋ ಸಂಭಾಷಣೆಯನ್ನೂ ಶ್ರದ್ಧೆಯಿಂದ ಕಲಿಯುತ್ತಿದ್ದರು ಎಂಬುದು ನಿಜ. ಅದು ಕಲಿಕೆಯಲ್ಲವೇ ಎಂದು ಅವರು ಕೇಳಿದರೆ ನನಗೆ ಅನ್ಯಾಯದ ಪ್ರಶ್ನೆ ಅನ್ನಿಸುವುದಿಲ್ಲ. ಆದರೂ ಕರಾರು ಕೇಳುವುದು ನೀವು ಎಷ್ಟು ಶ್ರದ್ಧಾವಂತರು ಎಂದಲ್ಲ, ನೀವು ವಿದ್ಯಾರ್ಥಿಯೇ ಎಂದು. ವಿದ್ಯಾರ್ಥಿಯಲ್ಲದವರು ಆ ಲೈಸೆನ್ಸ್ ಬಿಟ್ಟು ಬೇರೆಯದನ್ನು ಆರಿಸಬೇಕು.

ಅಮೆರಿಕದಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ, ಅಂದರೆ ಹೊರಗೆ ಏನೂ ಕಾಣದಿದ್ದರೂ ಉಪಕರಣಗಳನ್ನೇ ನೋಡಿ ಹಾರಿಸುವ ಅರ್ಹತೆಗೆ, ಮಾನ್ಯತೆ ಪಡೆದ ಮೂಲಮಟ್ಟದ ಸಾಧನದಲ್ಲಿ 10 ಗಂಟೆ, ಮೇಲ್ಮಟ್ಟದ ಸಾಧನದಲ್ಲಿ 20 ಗಂಟೆವರೆಗಿನ ಅಭ್ಯಾಸವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಜೊತೆಗೆ ಬೋಧಕರು ಇರಲೇಬೇಕು. ಮನೆಯ ಪಿಸಿಯಲ್ಲಿ ಒಬ್ಬರೇ ಕೂತು ಸಾವಿರ ಗಂಟೆ ಹಾರಿಸಿದರೂ ಲಾಗ್‌ಬುಕ್ಕಿಗೆ ಸೇರುವುದು ಸೊನ್ನೆ.

ದಕ್ಷಿಣ ಕೆರೊಲಿನಾದ ಆಸ್ಟಿನ್ ಮೇಯರ್ ಬರೆದ 'ಎಕ್ಸ್-ಪ್ಲೇನ್' ಮನೆಯಲ್ಲೂ ಇದೆ, ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲೂ ಇದೆ. ಹಾರಾಟದ ಗಣಿತ ಎರಡರಲ್ಲೂ ಒಂದೇ: ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಭಾಗಿಸಿ ಪ್ರತಿ ತುಂಡಿನ ಮೇಲೂ ಗಾಳಿಯ ಬಲವನ್ನು ಲೆಕ್ಕ ಹಾಕುತ್ತದೆ. ವೃತ್ತಿಪರ ಬಳಕೆಗೆ ಬೇರೆ ಲೈಸೆನ್ಸ್ ಕೀಲಿ ಬೇಕು. ಮಾನ್ಯತೆ ಸಿಗುವುದು ಬರೀ ತಂತ್ರಾಂಶಕ್ಕಲ್ಲ, ಅದರ ಜೊತೆಗಿರುವ ಯೋಕ್, ಪೆಡಲು, ಥ್ರಾಟಲ್ ಎಲ್ಲ ಸೇರಿದ ಇಡೀ ಸಾಧನಕ್ಕೆ.

ಲೈಸೆನ್ಸ್ ತಪಾಸಣೆಯ ಮೇಲೂ ಪೇಟೆಂಟ್! 2012ರಲ್ಲಿ ಯುನಿಲಾಕ್ ಎಂಬ ಕಂಪನಿ ಇದೇ ಮೇಯರ್ ಅವರ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಗ್ರಾಹಕರು ಹಣ ಕೊಟ್ಟಿದ್ದಾರೆಯೇ ಎಂದು ಫೋನಿನ ಆ್ಯಪ್ ದೂರದ ಸರ್ವರನ್ನು ಕೇಳುವುದೇ ತನ್ನ ಪೇಟೆಂಟಿನ ಉಲ್ಲಂಘನೆ ಎಂಬುದು ಅದರ ವಾದ. ಮೇಯರ್ ರಾಜಿಯಾಗದೆ ಹೋರಾಡಿದರು, ಈ ಬಗೆಯ ಮೊಕದ್ದಮೆಗಳ ಬಗ್ಗೆ 'ದಿ ಪೇಟೆಂಟ್ ಸ್ಕ್ಯಾಮ್' ಎಂಬ ಸಾಕ್ಷ್ಯಚಿತ್ರವನ್ನೂ ಮಾಡಿದರು. 2016ರಲ್ಲಿ ಅಮೆರಿಕದ ಪೇಟೆಂಟ್ ಮಂಡಳಿ ಆ ಪೇಟೆಂಟ್ ನಿಲ್ಲುವುದಿಲ್ಲ ಎಂದಿತು.

ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸೇರಿ ನಡೆಸುವ 'ಹ್ಯಾಟ್ಸಾಫ್' ಕೇಂದ್ರದಲ್ಲಿ ಹೆಲಿಕಾಪ್ಟರ್ ಪೈಲಟ್‌ಗಳಿಗೆ ಧ್ರುವ್ ಸಿಮ್ಯುಲೇಟರಿನಲ್ಲಿ ತರಬೇತಿ ಕೊಡುತ್ತಾರೆ. ಕಾಕ್‌ಪಿಟ್ಟಿನ ಪ್ರತಿ ಗುಂಡಿಯೂ ನಿಜದ ಹಾಗೆಯೇ ಇರುವ ಯಂತ್ರವದು.

ಉಚಿತ, ಮುಕ್ತ ಮತ್ತು ಕಾನೂನುಬದ್ಧ, ಈ ಮೂರೂ ಆಗಿರುವ ಸಿಮ್ಯುಲೇಟರ್ ಬೇಕೇ? 'ಫ್ಲೈಟ್‌ಗಿಯರ್' ಇದೆ. ಅಂಗಡಿಯಲ್ಲಿ ಸಿಗುವ ಸಿಮ್ಯುಲೇಟರುಗಳನ್ನು ತಮಗೆ ಬೇಕಾದಂತೆ ತಿದ್ದಲು ಬಿಡುವುದಿಲ್ಲ ಎಂಬ ಬೇಸರದಿಂದ 1996ರಲ್ಲಿ ಅದರ ಪ್ರಸ್ತಾಪ ಹುಟ್ಟಿತು, ಮರುವರ್ಷ ಮೊದಲ ಆವೃತ್ತಿ ಬಂತು. ಆರಂಭದಲ್ಲಿ ಅದರ ಹಾರಾಟದ ಲೆಕ್ಕಕ್ಕೆ ನಾಸಾದ ಲ್ಯಾಂಗ್ಲಿ ಕೇಂದ್ರದ 'ಲಾರ್ಕ್‌ಸಿಮ್' ಆಧಾರವಾಗಿತ್ತು. ಲೈಸೆನ್ಸ್ ಜಿಪಿಎಲ್: ಬಳಸಿ, ತಿದ್ದಿ, ಹಂಚಿ, ಬೇಕಾದರೆ ಮಾರಿ. ಹೌದು, ಮಾರಬಹುದು! ಆದರೆ ಕೊಂಡವರಿಗೆ ಸೋರ್ಸ್ ಕೋಡ್ ಸಿಗಬೇಕು, ಅವರಿಗೂ ಅದೇ ಸ್ವಾತಂತ್ರ್ಯ ಇರಬೇಕು. ಇದನ್ನೇ ಬಳಸಿಕೊಂಡು ಕೆಲವರು ಫ್ಲೈಟ್‌ಗಿಯರ್‌ಗೆ ಹೊಸ ಹೆಸರು ಕೊಟ್ಟು, ಅಂದದ ಜಾಹೀರಾತು ಹಾಕಿ, ಹೊಸ ಸಿಮ್ಯುಲೇಟರ್ ಎಂಬಂತೆ ಮಾರಿದ್ದಾರೆ. ಸ್ವಯಂಸೇವಕರು ವರ್ಷಗಟ್ಟಲೆ ಬೆವರು ಸುರಿಸಿ ಮಾಡಿದ್ದರ ಮೂಲವನ್ನೇ ಮರೆಮಾಚುವುದು ನನಗೆ ತೀರಾ ನೋವಿನ ಸಂಗತಿ. ಹಣ ಕೇಳುವ ಅಪರಿಚಿತ ಸಿಮ್ಯುಲೇಟರ್ ಕಂಡರೆ, ಅದು ಫ್ಲೈಟ್‌ಗಿಯರ್‌ನ ಮರುರೂಪವೇ ಎಂದು ಮೊದಲು ವಿಚಾರಿಸಿ.

ಮೈಕ್ರೋಸಾಫ್ಟ್‌ನ 2020ರ ಸಿಮ್ಯುಲೇಟರಿಗೆ 'ಫ್ಲೈ-ಬೈ-ವೈರ್' ಎಂಬ ಹವ್ಯಾಸಿಗಳ ತಂಡ ಏರ್‌ಬಸ್ ಎ320 ನಿಯೊ ಮತ್ತು ಎ380 ವಿಮಾನಗಳನ್ನು ಉಚಿತವಾಗಿ ಕೊಟ್ಟಿದೆ. ಎ320ರ ಕೋಡೂ ಜಿಪಿಎಲ್ ಅಡಿಯಲ್ಲೇ ಮುಕ್ತ. ದುಡ್ಡು ಕೊಟ್ಟು ಕೊಳ್ಳುವ ವಿಮಾನಗಳಿಗೆ ಸಾಟಿಯಾಗಿ ನಿಲ್ಲುವ ಕೆಲಸವಿದು.

1998ರ ಡಿಸೆಂಬರಿನಲ್ಲಿ ಬಂದ ಎಫ್-16 ಸಿಮ್ಯುಲೇಟರ್ 'ಫಾಲ್ಕನ್ 4.0' ಇಂದಿಗೂ ಜೀವಂತ. 2000ದಲ್ಲಿ ಅದರ ಸೋರ್ಸ್ ಕೋಡ್ ಸೋರಿಕೆಯಾಗಿತ್ತು. ಅಭಿಮಾನಿಗಳ 'ಬಿಎಂಎಸ್' ತಂಡ ಅದನ್ನು ವರ್ಷಗಳಿಂದ ಬೆಳೆಸುತ್ತಾ ಬಂದಿದೆ. ಬಿಎಂಎಸ್ ಉಚಿತ, ಆದರೆ ಕಂಪ್ಯೂಟರಿನಲ್ಲಿ ಮೂಲ ಫಾಲ್ಕನ್ 4.0ರ ಅಧಿಕೃತ ಪ್ರತಿ ಇಲ್ಲದಿದ್ದರೆ ಅದು ಓಡುವುದೇ ಇಲ್ಲ!

'ಡಿಸಿಎಸ್' ಸಿಮ್ಯುಲೇಟರ್ ಸರಣಿಯ ಎ-10ಸಿ ಯುದ್ಧವಿಮಾನದ ಬೇರು ಅಮೆರಿಕದ ಏರ್ ನ್ಯಾಷನಲ್ ಗಾರ್ಡ್‌ಗಾಗಿ ಮಾಡಿದ ತರಬೇತಿ ತಂತ್ರಾಂಶದಲ್ಲಿದೆ. ಪಾಠಕ್ಕೆಂದು ಹುಟ್ಟಿ ಆಟದ ಅಂಗಡಿಗೆ ಬಂದದ್ದು ಇದು.

ಕಳ್ಳಪ್ರತಿ ಹಿಡಿಯುವ ಹಟ ಎಲ್ಲಿಗೆ ಹೋಗಬಹುದು? 2018ರಲ್ಲಿ 'ಫ್ಲೈಟ್ ಸಿಮ್ ಲ್ಯಾಬ್ಸ್' ಕಂಪನಿಯ, ಸಿಮ್ಯುಲೇಟರಿಗೆ ಸೇರಿಸಿಕೊಳ್ಳುವ ಎ320 ಆಡ್-ಆನ್ ಕಡತದೊಳಗೆ, ಕ್ರೋಮ್ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಹೊರತೆಗೆಯುವ ಉಪಕರಣ ಪತ್ತೆಯಾಯಿತು. ಕದ್ದ ಸೀರಿಯಲ್ ನಂಬರ್ ಬಳಸುವವರ ಮೇಲೆ ಮಾತ್ರ ಅದು ಕೆಲಸ ಮಾಡುತ್ತದೆ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು, ಪ್ರತಿಭಟನೆ ಎದ್ದ ಮೇಲೆ ತೆಗೆಯಿತು. ಕಳ್ಳಪ್ರತಿ ಬಳಸುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಣ ಕೊಟ್ಟ ಪ್ರಾಮಾಣಿಕ ಗ್ರಾಹಕರ ಕಂಪ್ಯೂಟರಿಗೂ ಅಂಥ ಕಡತ ಇಳಿದದ್ದನ್ನು ಯಾವ ಲೈಸೆನ್ಸೂ ಸಮರ್ಥಿಸಲಾರದು.

ನಿಜವಾದ ವಿಮಾನಗಳ ನ್ಯಾವಿಗೇಷನ್ ದತ್ತಾಂಶ ಪ್ರತಿ 28 ದಿನಕ್ಕೊಮ್ಮೆ ಹೊಸದಾಗುತ್ತದೆ. 'ನ್ಯಾವಿಗ್ರಾಫ್' ಚಂದಾದಾರರಾದರೆ ಸಿಮ್ಯುಲೇಟರಿಗೂ ಅದೇ ವೇಗದಲ್ಲಿ ಸಿಗುತ್ತದೆ. ಆದರೆ ಒಂದು ಷರತ್ತು: ನಿಜವಾದ ಹಾರಾಟಕ್ಕೆ ಬಳಸಕೂಡದು.

2001ರಿಂದ ಇರುವ 'ವ್ಯಾಟ್‌ಸಿಮ್' ಎಂಬ ಆನ್‌ಲೈನ್ ಹಾರಾಟದ ಜಾಲದಲ್ಲಿ ಪೈಲಟ್‌ಗಳೂ ಕಂಟ್ರೋಲರುಗಳೂ ಹವ್ಯಾಸಿಗಳೇ, ಸೇರಲು ಶುಲ್ಕವಿಲ್ಲ. ಅಲ್ಲಿ ವಿಮಾನ ಅಪಹರಣದ ನಟನೆಗೆ ಸಂಪೂರ್ಣ ನಿಷೇಧ. ಅಪಹರಣ ಸೂಚಿಸುವ 7500 ಸಂಕೇತ ಹಾಕಿದರೆ ಜಾಲದಿಂದ ಹೊರಬೀಳಬೇಕಾದೀತು. ತುರ್ತುಸ್ಥಿತಿಯನ್ನು ಅಭ್ಯಾಸ ಮಾಡಬಹುದು, ಆದರೆ ಕಂಟ್ರೋಲರ್ ಬೇಡ ಎಂದರೆ ಅಲ್ಲಿಗೇ ನಿಲ್ಲಿಸಬೇಕು.

2006ರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಎರಡು ಡಿವಿಡಿಗಳಲ್ಲಿ ಬಂದಿತ್ತು, ಇಂಟರ್ನೆಟ್ ಇಲ್ಲದೆಯೂ ಹಾರುತ್ತಿತ್ತು. 2024ರ ಆವೃತ್ತಿಗೆ ಇಂಟರ್ನೆಟ್ ಇಲ್ಲದಿದ್ದರೆ ಆಗುವುದಿಲ್ಲ. ನೆಲದ ಚಿತ್ರವೆಲ್ಲ ಮೈಕ್ರೋಸಾಫ್ಟ್‌ನ ಸರ್ವರುಗಳಿಂದ ಹರಿದು ಬರುತ್ತದೆ. ಕೊಂಡದ್ದು ವಸ್ತುವನ್ನಲ್ಲ, ಬಳಸುವ ಹಕ್ಕನ್ನು ಮಾತ್ರ ಎಂದು ಡಿಜಿಟಲ್ ಅಂಗಡಿಗಳು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಲೇಬೇಕು ಎಂಬ ಕ್ಯಾಲಿಫೋರ್ನಿಯಾದ ಕಾಯ್ದೆ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಎಲ್ಲ ಕಡೆಯೂ ಬರಬೇಕಾದ ಕಾಯ್ದೆ ಅದು.

ಮೈಕ್ರೋಸಾಫ್ಟ್‌ನ 2020ರ ಸಿಮ್ಯುಲೇಟರಿನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಹೊರವಲಯದ ಮನೆಗಳ ನಡುವೆ 212 ಮಹಡಿಯ ಗೋಪುರ ಎದ್ದು ನಿಂತಿತ್ತು! 'ಓಪನ್‌ಸ್ಟ್ರೀಟ್‌ಮ್ಯಾಪ್' ಎಂಬ ಮುಕ್ತ ನಕಾಶೆಯಲ್ಲಿ ಯಾರೋ 2 ಮಹಡಿ ಎನ್ನುವಲ್ಲಿ 212 ಎಂದು ಟೈಪ್ ಮಾಡಿದ್ದರು. ನಕಾಶೆಯಲ್ಲಿ ತಿದ್ದಿದ್ದರೂ, ತಿದ್ದುವ ಮುನ್ನ ತೆಗೆದ ದತ್ತಾಂಶ ಸಿಮ್ಯುಲೇಟರಿನೊಳಗೆ ಸೇರಿಹೋಗಿತ್ತು. ಎಕ್ಸ್-ಪ್ಲೇನ್‌ನ ರಸ್ತೆಗಳೂ ಇದೇ ನಕಾಶೆಯಿಂದ ಬರುತ್ತವೆ. ಯಾರು ಬೇಕಾದರೂ ಬಳಸಬಹುದು, ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರಿಗೆ ಮನ್ನಣೆ ಕೊಡಬೇಕು ಎಂಬುದು ಲೈಸೆನ್ಸಿನ ಷರತ್ತು.

ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು 2008ರ ಮೇ 24ರಂದು, ಶಿವಮೊಗ್ಗದ್ದು 2023ರ ಫೆಬ್ರವರಿ 27ರಂದು. ಅವಕ್ಕಿಂತ ಮುಂಚೆ ಬಂದ ಸಿಮ್ಯುಲೇಟರುಗಳಲ್ಲಿ ಇವನ್ನು ತುಂಬಬೇಕಾದವರು ಹವ್ಯಾಸಿಗಳೇ. ಎಕ್ಸ್-ಪ್ಲೇನ್‌ಗೆ 'ಸೀನರಿ ಗೇಟ್‌ವೇ' ಎಂಬ ವ್ಯವಸ್ಥೆ ಇದೆ. ನಿಮ್ಮೂರಿನ ನಿಲ್ದಾಣದ ರನ್‌ವೇ, ಟರ್ಮಿನಲ್, ಟ್ಯಾಕ್ಸಿವೇಗಳನ್ನು ಉಚಿತ ಉಪಕರಣದಲ್ಲಿ ಬಿಡಿಸಿ ಅಲ್ಲಿಗೆ ಕಳಿಸಿದರೆ, ತಪಾಸಣೆಯಾದ ಮೇಲೆ ಮುಂದಿನ ಆವೃತ್ತಿಯ ಜೊತೆಗೇ ಎಲ್ಲ ಬಳಕೆದಾರರಿಗೂ ತಲುಪುತ್ತದೆ. ಹಾಗೆ ಕಳಿಸಿದ್ದನ್ನು ಬೇರೆಯವರು ತಿದ್ದಿ ಬೆಳೆಸುವುದಕ್ಕೂ ಅಲ್ಲಿ ಅವಕಾಶವಿದೆ.