ಕರುಳಿನ ಕ್ಯಾನ್ಸರ್: ಬರುವುದು ಎಲ್ಲಿ ಹೆಚ್ಚು, ಬದುಕುಳಿಯುವುದು ಎಲ್ಲಿ ಕಡಿಮೆ?

ಮಲದಲ್ಲಿ ರಕ್ತ ಕಾಣಿಸಿಕೊಂಡರೆ ನಮ್ಮ ನಾಡಿನಲ್ಲಿ ಮೊದಲು ಬರುವ ಮಾತು ಮೂಲವ್ಯಾಧಿ. ‘ಶಸ್ತ್ರಚಿಕಿತ್ಸೆಯಿಲ್ಲದೆ ಮೂಲವ್ಯಾಧಿ ನಿವಾರಣೆ’ ಎಂಬ ಗೋಡೆಬರಹಗಳಿಗೆ ಯಾವ ಊರಿನ ಬಸ್ ನಿಲ್ದಾಣದಲ್ಲೂ ಕೊರತೆಯಿಲ್ಲ. ಖಾರ ಬಿಡುವುದು, ಮಜ್ಜಿಗೆ ಕುಡಿಯುವುದು, ಪರಿಚಿತರು ಹೇಳಿದ ಔಷಧಿ ಸೇವಿಸುವುದು, ಹೀಗೆಯೇ ತಿಂಗಳುಗಳು ಉರುಳುತ್ತವೆ. ಹೆಚ್ಚಿನವರಲ್ಲಿ ಅದು ನಿಜಕ್ಕೂ ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಕೆಲವರಲ್ಲಿ ಅದೇ ರಕ್ತ ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರಿನ ಮೊದಲ ಸೂಚನೆಯಾಗಿರುತ್ತದೆ. ಕಳೆದುಹೋದ ಆ ತಿಂಗಳುಗಳ ಬೆಲೆ ಅವರಿಗೆ ಬಹಳ ದುಬಾರಿ.

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ವಿಶ್ವದಲ್ಲಿ ಆ ಒಂದು ವರ್ಷ 19 ಲಕ್ಷಕ್ಕೂ ಹೆಚ್ಚು ಜನರಲ್ಲಿ ಈ ಕ್ಯಾನ್ಸರ್ ಪತ್ತೆಯಾಯಿತು; ಸುಮಾರು 9 ಲಕ್ಷ ಜನ ಸಾವಿಗೀಡಾದರು. ಪತ್ತೆಯಾಗುವ ಕ್ಯಾನ್ಸರುಗಳಲ್ಲಿ ಇದಕ್ಕೆ ಮೂರನೆಯ ಸ್ಥಾನ, ಸಾವಿಗೆ ಕಾರಣವಾಗುವ ಕ್ಯಾನ್ಸರುಗಳಲ್ಲಿ ಎರಡನೆಯ ಸ್ಥಾನ. ಆದರೆ ಈ ಹೊರೆ ಎಲ್ಲ ಜನಸಮುದಾಯಗಳ ಮೇಲೂ ಒಂದೇ ಸಮನಾಗಿ ಬಿದ್ದಿಲ್ಲ. ಕೆಲವೆಡೆ ಕಾಯಿಲೆ ಹೆಚ್ಚು, ಸಾವು ಕಡಿಮೆ. ಕೆಲವೆಡೆ ಕಾಯಿಲೆ ಕಡಿಮೆ, ಆದರೆ ಬಂದವರಲ್ಲಿ ಬದುಕುಳಿಯುವವರೂ ಕಡಿಮೆ. ಭಾರತ ಎರಡನೆಯ ಗುಂಪಿಗೆ ಸೇರಿದೆ.

ಅಂಕಿಅಂಶಗಳ ಒಗಟು

ಡೆನ್ಮಾರ್ಕ್, ನಾರ್ವೆ, ಹಂಗೇರಿಗಳಂಥ ದೇಶಗಳಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 40ಕ್ಕೂ ಹೆಚ್ಚು ಮಂದಿಗೆ ಈ ಕ್ಯಾನ್ಸರ್ ಬರುತ್ತದೆ. ಭಾರತದಲ್ಲಿ ಈ ಪ್ರಮಾಣ ಲಕ್ಷಕ್ಕೆ ಸುಮಾರು 5. ವಯಸ್ಸಾದವರ ಸಂಖ್ಯೆ ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇರುವುದರಿಂದ, ಆ ವ್ಯತ್ಯಾಸವನ್ನು ಸರಿಹೊಂದಿಸಿದ ಬಳಿಕ ದೊರೆಯುವ ಅಂಕಿಗಳಿವು. ಪ್ರಮಾಣ ಕಡಿಮೆಯಿದ್ದರೂ ಜನಸಂಖ್ಯೆ ದೊಡ್ಡದಾದ್ದರಿಂದ ಭಾರತದಲ್ಲಿ ವರ್ಷಕ್ಕೆ ಸುಮಾರು 70 ಸಾವಿರ ಹೊಸ ರೋಗಿಗಳಾಗುತ್ತಾರೆ.

ವಯಸ್ಸಿನ ಲೆಕ್ಕವನ್ನು ಮರೆತರೆ ತಪ್ಪು ಗ್ರಹಿಕೆಗೆ ಎಡೆಯಾಗುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2017ರಲ್ಲಿ ಪ್ರಕಟಿಸಿದ 800 ರೋಗಿಗಳ ಅಧ್ಯಯನದಲ್ಲಿ ಸರಾಸರಿ ವಯಸ್ಸು 47 ಆಗಿತ್ತು. ಪಾಶ್ಚಾತ್ಯ ದೇಶಗಳ ರೋಗಿಗಳು ಇದಕ್ಕಿಂತ ಬಹಳ ಹಿರಿಯರು. ಭಾರತೀಯರಿಗೆ ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆ ಮುಗಿಬೀಳುತ್ತಿದೆ ಎಂದು ಇದರಿಂದ ನೇರವಾಗಿ ತೀರ್ಮಾನಿಸಲಾಗದು. ದೇಶದಲ್ಲಿ ಕಿರಿಯರೇ ಹೆಚ್ಚಾಗಿರುವಾಗ ಆಸ್ಪತ್ರೆಗೆ ಬರುವ ರೋಗಿಗಳಲ್ಲೂ ಕಿರಿಯರ ಪಾಲು ಹೆಚ್ಚಿರುವುದು ಸಹಜ. ಆದರೂ ಒಂದು ಮಾತು ಸ್ಪಷ್ಟ: ‘ಇದು ಮುದುಕರ ಕಾಯಿಲೆ’ ಎಂಬ ನಂಬಿಕೆ ನಮ್ಮ ವೈದ್ಯರಿಗೂ ರೋಗಿಗಳಿಗೂ ಸಲ್ಲದು.

ರಕ್ತಗುಣವೋ, ಜೀವನಕ್ರಮವೋ?

ಜನಾಂಗದಿಂದ ಜನಾಂಗಕ್ಕೆ ಇಷ್ಟೊಂದು ವ್ಯತ್ಯಾಸವಿರಲು ಕಾರಣವೇನು? ಉಗಾಂಡದಲ್ಲಿ ಅನೇಕ ವರ್ಷ ಶಸ್ತ್ರವೈದ್ಯರಾಗಿ ದುಡಿದ ಡೆನಿಸ್ ಬರ್ಕಿಟ್ ಅವರಿಗೆ ಅಲ್ಲಿನ ಗ್ರಾಮೀಣ ಜನರಲ್ಲಿ ಕರುಳಿನ ಕ್ಯಾನ್ಸರ್ ತೀರ ಅಪರೂಪವಾಗಿ ಕಂಡಿತು. ಅವರ ಆಹಾರದಲ್ಲಿ ನಾರಿನಂಶ ಹೇರಳವಾಗಿರುವುದೇ ಇದಕ್ಕೆ ಕಾರಣವಿರಬೇಕೆಂದು 1971ರಲ್ಲಿ ಅವರು ವಾದಿಸಿದರು.

ವಲಸೆ ಹೋದವರ ಅಧ್ಯಯನಗಳು ಇದಕ್ಕೆ ಇನ್ನೊಂದು ಬಗೆಯ ಪುರಾವೆ ಒದಗಿಸಿದವು. ಅಮೆರಿಕಕ್ಕೆ ವಲಸೆ ಹೋದ ಜಪಾನೀಯರ ಬಗ್ಗೆ ವಿಲಿಯಂ ಹೆನ್ಸೆಲ್ ಮತ್ತು ಮಿನೊರು ಕುರಿಹರ 1968ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಆ ಕಾಲದ ಜಪಾನಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆಯಿತ್ತು. ಆದರೆ ಅಮೆರಿಕದಲ್ಲಿ ನೆಲೆಸಿದ ಜಪಾನೀಯರಲ್ಲಿ ಅದು ಏರುತ್ತ ಅಲ್ಲಿನ ಬಿಳಿಯರ ಪ್ರಮಾಣದತ್ತ ಸಾಗಿತ್ತು. ರಕ್ತಸಂಬಂಧ ಅದೇ, ವಂಶ ಅದೇ. ಬದಲಾದದ್ದು ಊಟ, ದುಡಿಮೆ, ನಡೆನುಡಿ.

2015ರಲ್ಲಿ ಸ್ಟೀಫನ್ ಓಕೀಫ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇನ್ನಷ್ಟು ಕುತೂಹಲಕರ. ಕರುಳಿನ ಕ್ಯಾನ್ಸರ್ ಹೆಚ್ಚಿರುವ ಅಮೆರಿಕದ ಕಪ್ಪು ಜನರಲ್ಲಿ 20 ಮಂದಿಯನ್ನೂ, ಅದು ಅಪರೂಪವಾಗಿರುವ ದಕ್ಷಿಣ ಆಫ್ರಿಕದ ಗ್ರಾಮೀಣರಲ್ಲಿ 20 ಮಂದಿಯನ್ನೂ ಆರಿಸಿ, ಎರಡು ವಾರ ಅವರವರ ಆಹಾರವನ್ನು ಅದಲುಬದಲು ಮಾಡಲಾಯಿತು. ಅಮೆರಿಕದವರ ಊಟದಲ್ಲಿ ನಾರಿನಂಶ ದಿನಕ್ಕೆ 14 ಗ್ರಾಮಿನಿಂದ 55 ಗ್ರಾಮಿಗೆ ಏರಿತು. ಆಫ್ರಿಕದವರಲ್ಲಿ ಅದು 66ರಿಂದ 12 ಗ್ರಾಮಿಗೆ ಇಳಿದು, ಕೊಬ್ಬು ಹೆಚ್ಚಾಯಿತು. ಅಷ್ಟೇ ಅವಧಿಯಲ್ಲಿ ಮೊದಲ ಗುಂಪಿನವರ ಕರುಳಿನ ಒಳಪೊರೆಯ ಉರಿಯೂತ ತಗ್ಗಿತು. ಎರಡನೆಯ ಗುಂಪಿನವರಲ್ಲಿ ಕ್ಯಾನ್ಸರಿನ ಅಪಾಯ ಸೂಚಿಸುವ ಬದಲಾವಣೆಗಳು ಕಾಣಿಸಿಕೊಂಡವು. ಇಷ್ಟರಿಂದಲೇ ಕ್ಯಾನ್ಸರ್ ಬಂದಿತೆಂದೋ ತಪ್ಪಿತೆಂದೋ ಅರ್ಥವಲ್ಲ. ಆದರೆ ಕರುಳು ಆಹಾರಕ್ಕೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದು ಇದರಿಂದ ತಿಳಿಯಿತು.

ಇದರ ಹಿಂದಿನ ಕ್ರಿಯೆ ಹೀಗಿದೆ. ನಮಗೆ ಜೀರ್ಣವಾಗದ ನಾರನ್ನು ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ವಸ್ತುವನ್ನು ತಯಾರಿಸುತ್ತವೆ. ಕರುಳಿನ ಒಳಪೊರೆಯ ಜೀವಕೋಶಗಳಿಗೆ ಅದೇ ಆಹಾರ, ಅದೇ ರಕ್ಷಣೆ. ಕೊಬ್ಬು ಹೆಚ್ಚಾದಾಗ ಪಿತ್ತರಸವೂ ಹೆಚ್ಚು ಸ್ರವಿಸುತ್ತದೆ. ಅದರ ಆಮ್ಲಗಳನ್ನು ಕೆಲವು ಬ್ಯಾಕ್ಟೀರಿಯಾಗಳು ಒಳಪೊರೆಗೆ ಹಾನಿಕರವಾದ ರೂಪಕ್ಕೆ ತಿರುಗಿಸುತ್ತವೆ.

ಅಪಾಯ ಹೆಚ್ಚಿಸುವ ಅಂಶಗಳು

ವಯಸ್ಸು ಮತ್ತು ವಂಶ ಯಾರ ಕೈಯಲ್ಲೂ ಇಲ್ಲ. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷವಿರುವ ಕುಟುಂಬಗಳಲ್ಲಿ ಅಪಾಯ ಇನ್ನೂ ಹೆಚ್ಚು. ಆದರೆ ಒಟ್ಟು ರೋಗಿಗಳಲ್ಲಿ ಇಂಥವರು ನೂರಕ್ಕೆ ಸುಮಾರು 3 ಮಾತ್ರ.

ಬೊಜ್ಜು, ಕುಳಿತೇ ಇರುವ ದಿನಚರಿ, ಮದ್ಯ, ಧೂಮಪಾನ, ಮಧುಮೇಹ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಾರಿತು. ದಿನವೂ 50 ಗ್ರಾಂ ಇಂಥ ಮಾಂಸ ತಿಂದರೆ ಅಪಾಯ ಶೇ. 18ರಷ್ಟು ಏರುತ್ತದೆ ಎಂಬುದು ಅದರ ಲೆಕ್ಕ. ಹಾಗೆಂದು ಸಸ್ಯಾಹಾರಿಗಳು ನಿಶ್ಚಿಂತರಾಗಿ ಇರಬಹುದೆಂದಲ್ಲ. ಪಾಲಿಶ್ ಮಾಡಿದ ಅಕ್ಕಿ, ಮೈದಾ, ಕರಿದ ತಿಂಡಿಗಳ ಊಟದಲ್ಲಿ ಮಾಂಸವಿಲ್ಲದಿದ್ದರೂ ನಾರೂ ಇರುವುದಿಲ್ಲ. ರಾಗಿ, ಜೋಳ, ಕಾಳು, ಸೊಪ್ಪುಗಳು ತಟ್ಟೆಯಿಂದ ಹಿಂದೆ ಸರಿದಷ್ಟೂ ನಮ್ಮ ಊಟ ಬರ್ಕಿಟ್ ಕಂಡ ಆಫ್ರಿಕದ ಊಟದಿಂದ ದೂರವಾಗುತ್ತದೆ.

ಐವತ್ತರ ಒಳಗಿನವರಲ್ಲಿ ಈ ಕ್ಯಾನ್ಸರ್ ಹಲವು ದೇಶಗಳಲ್ಲಿ ಹೆಚ್ಚುತ್ತಿರುವುದು ಹೊಸ ಆತಂಕ. ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ಇದಕ್ಕೆ ಬಲಿಯಾದಾಗ ಅವರಿಗೆ 43 ವರ್ಷ. 11 ದೇಶಗಳ 981 ರೋಗಿಗಳ ಗಡ್ಡೆಗಳ ಜೀನೋಮ್ ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕೆಲವು ಇ. ಕೊಲೈ ಬ್ಯಾಕ್ಟೀರಿಯಾಗಳು ಉತ್ಪಾದಿಸುವ ಕೊಲಿಬ್ಯಾಕ್ಟಿನ್ ಎಂಬ ವಿಷದ ಗುರುತು 40ರೊಳಗಿನವರಲ್ಲಿ, 70 ದಾಟಿದವರಿಗಿಂತ 3.3 ಪಟ್ಟು ಹೆಚ್ಚಾಗಿ ಕಂಡುಬಂದುದನ್ನು ತಿಳಿಸಿದೆ. ಇದೇ ಮೂಲಕಾರಣವೆಂದು ಇನ್ನೂ ಸಿದ್ಧವಾಗಿಲ್ಲ.

ಕಾಯಿಲೆ ಬಂದ ಮೇಲಿನ ಅಂತರ

ಕ್ಯಾನ್ಸರ್ ಬರುವುದಕ್ಕೆ ಜೀವನಕ್ರಮ ಬಹುಪಾಲು ಕಾರಣವಾದರೆ, ಬಂದ ಮೇಲೆ ಬದುಕುವುದು ಬೇರೆಯೇ ಸಂಗತಿಗಳನ್ನು ಅವಲಂಬಿಸಿದೆ. ಕರುಳಿನ ಗೋಡೆಯೊಳಗೇ ಇರುವಾಗ ಪತ್ತೆಯಾದರೆ ಅಮೆರಿಕದಲ್ಲಿ ನೂರರಲ್ಲಿ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ. ಯಕೃತ್ತು, ಶ್ವಾಸಕೋಶಗಳಿಗೆ ಹರಡಿದ ಬಳಿಕ ಪತ್ತೆಯಾದರೆ ದಾಟುವವರು ಸುಮಾರು 15 ಮಂದಿ. ದೇಶ ಒಂದೇ, ಔಷಧಿಗಳೂ ಅವೇ, ವ್ಯತ್ಯಾಸ ಕಾಲದ್ದು.

ಕ್ಯಾನ್ಸರ್ ರೋಗಿಗಳ ಬದುಕುಳಿಯುವ ಪ್ರಮಾಣವನ್ನು ದೇಶದಿಂದ ದೇಶಕ್ಕೆ ಹೋಲಿಸುವ ಕಾಂಕಾರ್ಡ್ ಅಧ್ಯಯನದ 2018ರ ವರದಿಯಂತೆ, ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರಲ್ಲಿ ಐದು ವರ್ಷ ಬದುಕಿದವರು ದಕ್ಷಿಣ ಕೊರಿಯಾ, ಇಸ್ರೇಲ್, ಆಸ್ಟ್ರೇಲಿಯಾಗಳಲ್ಲಿ ಶೇ. 70ಕ್ಕೂ ಹೆಚ್ಚು. ಭಾರತದ ಕೆಲವು ನೋಂದಣಿ ಕೇಂದ್ರಗಳ ಮಾಹಿತಿಯ ಪ್ರಕಾರ ಇಲ್ಲಿ ಆ ಪ್ರಮಾಣ ಶೇ. 40ಕ್ಕಿಂತ ಕಡಿಮೆ. ಜೀವನಕ್ರಮ ಬದಲಾದಂತೆ ಕೊರಿಯಾದಲ್ಲೂ ಈ ಕ್ಯಾನ್ಸರ್ ವೇಗವಾಗಿ ಏರಿತ್ತು. ಆದರೆ ಅಲ್ಲಿ 2004ರಿಂದ, 50 ದಾಟಿದವರಿಗೆ ಮಲಪರೀಕ್ಷೆಯ ಮೂಲಕ ತಪಾಸಣೆ ನಡೆಸುವ ರಾಷ್ಟ್ರೀಯ ವ್ಯವಸ್ಥೆ ಇದೆ.

ಈ ತಪಾಸಣೆಗೆ ಕರುಳಿನ ಕ್ಯಾನ್ಸರಿನ ಸ್ವಭಾವವೇ ಅನುಕೂಲವಾಗಿದೆ. ಅದು ಬಹುತೇಕ ಪಾಲಿಪ್ ಎಂಬ ಸಣ್ಣ ಗಂಟಾಗಿ ಮೊಳೆತು ಕ್ಯಾನ್ಸರಾಗಲು ಹತ್ತು ವರ್ಷಗಳಷ್ಟು ಕಾಲ ತೆಗೆದುಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಮಲದಲ್ಲಿದ್ದರೂ ಮಲಪರೀಕ್ಷೆ ಅದನ್ನು ಹಿಡಿಯುತ್ತದೆ. ಕೊಲೊನೋಸ್ಕೊಪಿಯಲ್ಲಿ ಪಾಲಿಪ್ ಕಂಡರೆ ಅಲ್ಲಿಯೇ ಕತ್ತರಿಸಿ ತೆಗೆಯಬಹುದು. ಅಂದರೆ ಕ್ಯಾನ್ಸರನ್ನು ಬೇಗ ಪತ್ತೆಹಚ್ಚುವುದಷ್ಟೇ ಅಲ್ಲ, ಬರದಂತೆಯೇ ತಡೆಯಬಹುದು.

ಡೆಲವೇರ್ ಕಲಿಸಿದ ಪಾಠ

ಒಂದೇ ದೇಶದೊಳಗೂ ಅಂತರಗಳಿವೆ. ಅಮೆರಿಕದ ಅಲಾಸ್ಕದ ಮೂಲನಿವಾಸಿಗಳಲ್ಲಿ ಈ ಕ್ಯಾನ್ಸರ್ ಬಿಳಿಯರಿಗಿಂತ ಎರಡು ಪಟ್ಟಿಗೂ ಹೆಚ್ಚು. ವಿಶ್ವದಲ್ಲೇ ಅತ್ಯಧಿಕ ಪ್ರಮಾಣಗಳಲ್ಲಿ ಅದೂ ಒಂದು. ಅವರ ಅನೇಕ ಹಳ್ಳಿಗಳಿಗೆ ವಿಮಾನ ಅಥವಾ ದೋಣಿಯ ಹೊರತು ಬೇರೆ ದಾರಿಯಿಲ್ಲ. ಕಪ್ಪು ಜನರ ಮತ್ತು ಬಿಳಿಯರ ನಡುವೆ ಕಾಯಿಲೆ ಬರುವ ಪ್ರಮಾಣದಲ್ಲಿ ಅಂತರವಿದೆ. ಸಾಯುವ ಪ್ರಮಾಣದಲ್ಲಿರುವ ಅಂತರ ಅದರ ಸುಮಾರು ಎರಡರಷ್ಟು. ಇದು ಜನಾಂಗದ ಗುಣವೇ, ವ್ಯವಸ್ಥೆಯ ದೋಷವೇ?

ಡೆಲವೇರ್ ಎಂಬ ಪುಟ್ಟ ರಾಜ್ಯ ಇದಕ್ಕೆ ಉತ್ತರ ನೀಡಿತು. 2000ದ ದಶಕದ ಆರಂಭದಲ್ಲಿ ಅದು ವಿಮೆಯಿಲ್ಲದವರಿಗೂ ತಪಾಸಣೆಯ ಹಾಗೂ ಕ್ಯಾನ್ಸರ್ ಪತ್ತೆಯಾದರೆ ಚಿಕಿತ್ಸೆಯ ವೆಚ್ಚವನ್ನು ವಹಿಸಿಕೊಂಡಿತು. ಜನರನ್ನು ಹುಡುಕಿ, ಮನವೊಲಿಸಿ, ಆಸ್ಪತ್ರೆಯ ದಿನ ನಿಗದಿಪಡಿಸಿ, ಜೊತೆ ನಿಲ್ಲುವ ದಾದಿಯರನ್ನು ನೇಮಿಸಿತು. 2009ರ ಹೊತ್ತಿಗೆ ಕಪ್ಪು ಜನರಲ್ಲಿ ತಪಾಸಣೆಗೆ ಒಳಗಾದವರು ಶೇ. 48ರಿಂದ 74ಕ್ಕೆ ಏರಿ ಬಿಳಿಯರಿಗೆ ಸಮನಾದರು. ಅವರಲ್ಲಿ ಸಾವಿನ ಪ್ರಮಾಣ ಶೇ. 42ರಷ್ಟು ಇಳಿದು ಬಿಳಿಯರ ಪ್ರಮಾಣದ ಸಮೀಪಕ್ಕೆ ಬಂದಿತು. ಏಳೆಂಟು ವರ್ಷಗಳಲ್ಲಿ ಯಾರ ವಂಶವಾಹಿಯೂ ಬದಲಾಗಲಿಲ್ಲ. ಬದಲಾದದ್ದು ವ್ಯವಸ್ಥೆ.

ನಮ್ಮಲ್ಲಿನ ಸ್ಥಿತಿ

ಭಾರತದ ಮೊದಲ ಕ್ಯಾನ್ಸರ್ ನೋಂದಣಿ ಕೇಂದ್ರಗಳ ಸಾಲಿನಲ್ಲಿ ಬೆಂಗಳೂರಿನದೂ ಇದೆ. ರಾಷ್ಟ್ರೀಯ ನೋಂದಣಿ ಕಾರ್ಯಕ್ರಮದಡಿ 1982ರಿಂದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಅಂಕಿಅಂಶ ದಾಖಲಾಗುತ್ತ ಬಂದಿದೆ. ಆದರೆ ಸರಕಾರದ ಕ್ಯಾನ್ಸರ್ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿಗಷ್ಟೇ ಸೀಮಿತ. ಕಾಯಿಲೆಯ ಪ್ರಮಾಣ ಕಡಿಮೆಯಿರುವ ದೇಶದಲ್ಲಿ ಎಲ್ಲರಿಗೂ ಕರುಳಿನ ತಪಾಸಣೆ ನಡೆಸುವುದು ಸುಲಭವೂ ಅಲ್ಲ, ಮೊದಲ ಆದ್ಯತೆಯೂ ಆಗಲಾರದು. ಹಾಗಾಗಿ ನಮ್ಮಲ್ಲಿ ಲಕ್ಷಣ ಕಂಡವರನ್ನು ತಡಮಾಡದೆ ಪರೀಕ್ಷಿಸುವುದೇ ಮುಖ್ಯ.

ಇದಕ್ಕೆ ದುಬಾರಿ ಯಂತ್ರ ಮೊದಲೇ ಬೇಕಿಲ್ಲ. ಗುದನಾಳದ ಕೆಳಭಾಗದ ಗಡ್ಡೆ ವೈದ್ಯರ ಕೈಗವಸು ತೊಟ್ಟ ಬೆರಳಿಗೇ ಸಿಗುತ್ತದೆ. ಟಾಟಾ ಆಸ್ಪತ್ರೆಯ ಅಧ್ಯಯನದಲ್ಲಿ ನೂರಕ್ಕೆ ಸುಮಾರು 42 ರೋಗಿಗಳ ಗಡ್ಡೆ ಗುದನಾಳದಲ್ಲೇ ಇತ್ತು. ಆದರೆ ರೋಗಿಯ ಸಂಕೋಚ, ಹೊರರೋಗಿ ವಿಭಾಗದ ನೂಕುನುಗ್ಗಲು ಸೇರಿ ಆ ಒಂದು ನಿಮಿಷದ ಪರೀಕ್ಷೆ ತಪ್ಪಿಹೋಗುತ್ತದೆ. ಕೈಗೆ ಬರುವುದು ಮುಲಾಮಿನ ಚೀಟಿ.

ಸಂಕೋಚ ಕಡಲಾಚೆಗೂ ಹಿಂಬಾಲಿಸುತ್ತದೆ. ಇಂಗ್ಲೆಂಡಿನಲ್ಲಿ 2006ರಲ್ಲಿ ಉಚಿತ ಮಲಪರೀಕ್ಷೆಯ ಕಾರ್ಯಕ್ರಮ ಆರಂಭವಾಗುವ ಮುನ್ನ ನಡೆದ ಪ್ರಾಯೋಗಿಕ ಹಂತದಲ್ಲಿ, ದಕ್ಷಿಣ ಏಷ್ಯಾ ಮೂಲದವರು ಇತರರಿಗೆ ಹೋಲಿಸಿದರೆ ಅರ್ಧದಷ್ಟು ಪ್ರಮಾಣದಲ್ಲಿ ಮಾತ್ರ ಭಾಗವಹಿಸಿದ್ದರು. ವಿದೇಶದಲ್ಲಿ ನೆಲೆಸಿ ಅಲ್ಲಿನ ಜೀವನಕ್ರಮಕ್ಕೆ ಒಗ್ಗಿದ ಕನ್ನಡಿಗರು ಅಂಚೆಯಲ್ಲಿ ಬರುವ ಪರೀಕ್ಷಾ ಪೊಟ್ಟಣವನ್ನು ಪಕ್ಕಕ್ಕಿಡುವಾಗ ಜಪಾನೀ ವಲಸಿಗರ ಅನುಭವವನ್ನು ನೆನೆಯುವುದು ಒಳಿತು.

ಯಾವಾಗ ಎಚ್ಚರ ವಹಿಸಬೇಕು?

ಮಲದಲ್ಲಿ ರಕ್ತ ಎರಡು ಮೂರು ವಾರ ಕಳೆದರೂ ನಿಲ್ಲದಿದ್ದರೆ, ಮಲವಿಸರ್ಜನೆಯ ಕ್ರಮ ಕಾರಣವಿಲ್ಲದೆ ಬದಲಾದರೆ, ಹೋಗಿ ಬಂದ ಮೇಲೂ ಹೊಟ್ಟೆ ಖಾಲಿಯಾಗದಂತೆ ಅನಿಸಿದರೆ, ತೂಕ ಇಳಿದರೆ, ಗಂಡಸರಲ್ಲಿ ಅಥವಾ ಮುಟ್ಟು ನಿಂತ ಮಹಿಳೆಯರಲ್ಲಿ ರಕ್ತಹೀನತೆ ಕಂಡರೆ, ವಯಸ್ಸು ಎಷ್ಟೇ ಇರಲಿ, ವೈದ್ಯರನ್ನು ಕಾಣಬೇಕು. ಮೂಲವ್ಯಾಧಿ ಇದೆ ಎಂದು ಗೊತ್ತಿದ್ದವರಿಗೂ ಈ ಮಾತು ಅನ್ವಯಿಸುತ್ತದೆ. ಎರಡೂ ಒಟ್ಟಿಗೇ ಇರಬಹುದು. ಒಡಹುಟ್ಟಿದವರಲ್ಲಿ ಅಥವಾ ಹೆತ್ತವರಲ್ಲಿ ಈ ಕ್ಯಾನ್ಸರ್ ಇದ್ದರೆ, 40ನೆಯ ವಯಸ್ಸಿನಲ್ಲಿ ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ, ಕೊಲೊನೋಸ್ಕೊಪಿ ಮಾಡಿಸಿಕೊಳ್ಳುವಂತೆ ತಜ್ಞರು ಸಲಹೆ ನೀಡುತ್ತಾರೆ.

ಈ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ ಎಂಬುದು ನಿಜ. ಆದರೆ ಕಡಿಮೆ ಎಂಬ ಕಾರಣಕ್ಕೇ ಯಾರೂ ಅದನ್ನು ಶಂಕಿಸದಿದ್ದರೆ, ಬಂದ ಕೆಲವರು ಉಳಿಯುವ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ಮೂಲವ್ಯಾಧಿಯೋ ಅಲ್ಲವೋ ಎಂಬುದನ್ನು ಗೋಡೆಬರಹ ತೀರ್ಮಾನಿಸಬಾರದು. ವೈದ್ಯರ ಪರೀಕ್ಷೆ ತೀರ್ಮಾನಿಸಬೇಕು.